ಕಂಡದ್ದೆಲ್ಲ ಗುರುತಲ್ಲ: ಗಜಕರ್ಣದ ಶಿಲೀಂಧ್ರ ಮತ್ತು ಪ್ರಯೋಗಾಲಯದ ಕಟ್ಟಳೆ

ಮನುಷ್ಯನ ಕಾಯಿಲೆಯೊಂದಕ್ಕೆ ಇಂಥದೇ ಸೂಕ್ಷ್ಮಜೀವಿ ಕಾರಣವೆಂದು ಮೊದಲು ಬೆರಳಿಟ್ಟು ತೋರಿಸಿದ್ದು ಕ್ಷಯದಲ್ಲಲ್ಲ, ಕಾಲರಾದಲ್ಲೂ ಅಲ್ಲ. ಬಡವರ ಮಕ್ಕಳ ನೆತ್ತಿಯ ಮೇಲಿನ ಹಳದಿ ಹಕ್ಕಳೆಯಲ್ಲಿ. ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಲೋಕದ ಮುಂದಿಟ್ಟದ್ದು 1882ರಲ್ಲಿ. ಅದಕ್ಕೂ ನಾಲ್ಕು ದಶಕ ಮೊದಲೇ ಜ್ಯೂರಿಕ್, ಬರ್ಲಿನ್, ಪ್ಯಾರಿಸ್‌ಗಳಲ್ಲಿ ಮೂವರು ವೈದ್ಯರು ಗಜಕರ್ಣದ ಬಳಗದ ಕಾಯಿಲೆಗಳಿಗೆ ಶಿಲೀಂಧ್ರವೇ ಮೂಲವೆಂದು ಸೂಕ್ಷ್ಮದರ್ಶಕದಲ್ಲಿ ಕಂಡು, ಬರೆದು, ಪ್ರಕಟಿಸಿಯೂ ಆಗಿತ್ತು. ಆದರೆ ಆ ತಿಳಿವಳಿಕೆ ಬೆಳೆಯಲಿಲ್ಲ. ಹೆಚ್ಚುಕಡಿಮೆ ಐವತ್ತು ವರ್ಷ ಮೂಲೆಗೆ ಬಿದ್ದಿತು. ಹಿರಿಯ ವೈದ್ಯರ ಹಟಮಾರಿತನವೇ ಇದಕ್ಕೆ ಕಾರಣವೆಂದು ವೈದ್ಯಕೀಯ ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಹೇಳುತ್ತವೆ. ಹಟ ಇದ್ದದ್ದು ನಿಜ. ಆದರೆ ಅದೊಂದರಿಂದಲೇ ಐವತ್ತು ವರ್ಷದ ಕತ್ತಲೆ ಅರ್ಥವಾಗುವುದಿಲ್ಲ. ಕಾಣುವುದು ಬೇರೆ, ಗುರುತಿಸುವುದು ಬೇರೆ. ಒಬ್ಬನ ಕಣ್ಣಿಗೆ ಬಿದ್ದದ್ದನ್ನು ಮತ್ತೊಂದು ಊರಿನ ಇನ್ನೊಬ್ಬ ಅದೇ ಎಂದು ಹೇಳಬೇಕಾದರೆ ಇಬ್ಬರೂ ಒಂದೇ ಸ್ಥಿತಿಯಲ್ಲಿ ನೋಡಿರಬೇಕು. ಚರ್ಮದ ಶಿಲೀಂಧ್ರಗಳ ಚರಿತ್ರೆಯಲ್ಲಿ ತಿರುವು ತಂದದ್ದು ಇನ್ನೂ ಚುರುಕಾದ ಮಸೂರವಲ್ಲ, ನೋಡುವ ಸ್ಥಿತಿಯನ್ನು ಕಟ್ಟುನಿಟ್ಟಾಗಿ ಒಂದೇ ಮಾಡಿದ ಕಟ್ಟಳೆ ಎಂಬುದು ಈ ಲೇಖನದ ವಾದ.

ಕಥೆ ಶುರುವಾಗುವುದು ರೇಷ್ಮೆ ಹುಳುವಿನಿಂದ. ಇಟಲಿಯ ಲೋಡಿ ಪ್ರಾಂತದ ಅಗಸ್ಟಿನೊ ಬಾಸಿ 1835ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಹುಳು ಸತ್ತು ಬೆಳ್ಳಗೆ ಸುಣ್ಣ ಬಳಿದಂತಾಗುವ ಕಾಯಿಲೆಗೆ ಶಿಲೀಂಧ್ರವೊಂದು ಕಾರಣವೆಂದೂ ಅದು ಹುಳುವಿನಿಂದ ಹುಳುವಿಗೆ ಹರಡುತ್ತದೆಂದೂ ಅದರಲ್ಲಿ ತೋರಿಸಿದ್ದ. ನಮ್ಮ ರಾಮನಗರ, ಕೋಲಾರದ ರೇಷ್ಮೆ ಬೆಳೆಗಾರರು ಸುಣ್ಣಕಟ್ಟು ರೋಗವೆಂದು ಕರೆಯುವುದು ಇದನ್ನೇ. ಜ್ಯೂರಿಕ್‌ನಲ್ಲಿ ಪ್ರಾಧ್ಯಾಪಕನಾಗಿದ್ದ ಯೋಹಾನ್ ಲುಕಾಸ್ ಶೋನ್‌ಲೈನ್ ಬಾಸಿಯ ಪ್ರಯೋಗಗಳನ್ನು ತಾನೂ ಮಾಡಿ ನೋಡಿದ. ಹುಳುವಿನಲ್ಲಿ ಆಗುವುದು ಮನುಷ್ಯನಲ್ಲಿ ಏಕಾಗಬಾರದು ಎಂಬ ಪ್ರಶ್ನೆ ಅವನಿಗೆ ಎದ್ದಿತು. ಫೇವಸ್ ಎಂಬ ಕಾಯಿಲೆಯಲ್ಲಿ ನೆತ್ತಿಯ ಮೇಲೆ ಬಟ್ಟಲಿನಾಕಾರದ ಹಳದಿ ಹಕ್ಕಳೆ ಕಟ್ಟಿ, ಇಲಿಯ ನಾತ ಬಂದು, ಕೂದಲು ಮತ್ತೆ ಹುಟ್ಟದಂತೆ ಉದುರುತ್ತದೆ. ಅಂಥ ಹಕ್ಕಳೆಯನ್ನು ಪರೀಕ್ಷಿಸಿದ ಶೋನ್‌ಲೈನ್ ಅದರಲ್ಲಿ ಸಸ್ಯದಂಥ ಎಳೆಗಳನ್ನು ಕಂಡು, 1839ರಲ್ಲಿ ಒಂದು ಪುಟವೂ ತುಂಬದ ಟಿಪ್ಪಣಿ ಬರೆದ. ಬರ್ಲಿನ್‌ನಲ್ಲಿ ರಾಬರ್ಟ್ ರೆಮಾಕ್ ಅದೇ ಎಳೆಗಳನ್ನು ಅದಕ್ಕೆ ಮೊದಲೇ ನೋಡಿದ್ದ. ಆ ವಿವರ 1837ರಲ್ಲಿ ಇನ್ನೊಬ್ಬ ವಿದ್ಯಾರ್ಥಿಯ ಪ್ರಬಂಧದಲ್ಲಿ ಅಚ್ಚಾಗಿದ್ದರೂ ಅದು ಶಿಲೀಂಧ್ರವೆಂದು ರೆಮಾಕ್ ಆಗ ಹೇಳಿರಲಿಲ್ಲ. ಮುಂದೆ ಹಕ್ಕಳೆಯ ಚೂರನ್ನು ತನ್ನ ಚರ್ಮಕ್ಕೇ ಅಂಟಿಸಿಕೊಂಡು ಕಾಯಿಲೆ ಬರಿಸಿಕೊಂಡ. 1845ರಲ್ಲಿ ಅದಕ್ಕೆ ಅಕೋರಿಯನ್ ಶೋನ್‌ಲೈನಿ ಎಂದು ಹೆಸರಿಟ್ಟ. ಮೊದಲು ಕಂಡವನು ತಾನಾದರೂ ಹೆಸರಿನಲ್ಲಿ ಶೋನ್‌ಲೈನ್‌ಗೆ ಮನ್ನಣೆ ಕೊಟ್ಟನೆಂಬುದು ರೆಮಾಕ್‌ನ ದೊಡ್ಡತನ. ಕಂಡದ್ದು ಏನೆಂದು ಹೇಳುವ ಮಾತಿಗೆ ಕಾಣುವುದಕ್ಕಿಂತ ಹೆಚ್ಚಿನ ತೂಕವಿದೆ ಎಂಬುದಕ್ಕೂ ಆ ಹೆಸರೇ ಮೊದಲ ಸಾಕ್ಷಿ.

ಇಷ್ಟರಲ್ಲಿ ಪ್ಯಾರಿಸ್‌ನಲ್ಲಿ ಡೇವಿಡ್ ಗ್ರುಬಿ ಕೆಲಸಕ್ಕೆ ಕೂತಿದ್ದ. ಹಂಗೇರಿಯಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಓದಿ ಬಂದಿದ್ದ ಈ ಯಹೂದಿ ವೈದ್ಯ 1841ರಿಂದ 1844ರವರೆಗೆ ಫ್ರೆಂಚ್ ವಿಜ್ಞಾನ ಅಕಾಡೆಮಿಗೆ ಒಂದರ ಹಿಂದೊಂದು ವರದಿ ಒಪ್ಪಿಸಿದ. ಮೊದಲು ಫೇವಸ್, ಆಮೇಲೆ ಗಡ್ಡದ ಗಜಕರ್ಣ, ಮಕ್ಕಳ ಬಾಯಿಯ ಅಗ್ರ, ನೆತ್ತಿಯ ಗಜಕರ್ಣದ ಎರಡು ಬಗೆ. ಅವನ ನೋಟದ ಸೂಕ್ಷ್ಮತೆಗೆ ಇಂದಿಗೂ ತಲೆದೂಗಬೇಕು. ಒಂದು ಬಗೆಯಲ್ಲಿ ಬೀಜಾಣುಗಳು ಕೂದಲಿನ ಒಳಗೆ ಸರಪಣಿಯಾಗಿ ತುಂಬಿಕೊಂಡಿರುತ್ತವೆ. ಇನ್ನೊಂದರಲ್ಲಿ ಕೂದಲಿನ ಹೊರಗೆ ಸಣ್ಣ ಸಣ್ಣ ಬೀಜಾಣುಗಳ ಒರೆ ಕಟ್ಟಿಕೊಂಡಿರುತ್ತದೆ. ಈ ವ್ಯತ್ಯಾಸವನ್ನು ಇಂದಿನ ಚರ್ಮರೋಗ ಪಠ್ಯಗಳೂ ಹಾಗೆಯೇ ಹೇಳುತ್ತವೆ. ಹೊರಗೆ ಒರೆ ಕಟ್ಟುವುದಕ್ಕೆ 1843ರಲ್ಲಿ ಮೈಕ್ರೋಸ್ಪೋರಮ್ ಆಡುಯಿನೈ ಎಂದು ಹೆಸರಿಟ್ಟ. ಒಳಗೆ ತುಂಬುವುದಕ್ಕೆ ಸ್ವೀಡನ್ನಿನ ಮಾಲ್ಮ್‌ಸ್ಟೆನ್ ಟ್ರೈಕೋಫೈಟಾನ್ ಎಂಬ ಹೆಸರು ಕೊಟ್ಟ. ಮೂವತ್ತು ದಾಟಿ ನಾಲ್ಕೇ ವರ್ಷಕ್ಕೆ ಗ್ರುಬಿ ಈ ವಿಷಯದಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದ. ಆಮೇಲೆ ಸಂಶೋಧನೆಗೆ ಬೆನ್ನು ಹಾಕಿ ಸಿರಿವಂತರ, ಕಲಾವಿದರ ವೈದ್ಯನಾದ. ಸಂಗೀತಗಾರ ಶೋಪ್ಯಾನ್ ಅವನ ರೋಗಿಗಳಲ್ಲೊಬ್ಬ. 1898ರಲ್ಲಿ ತೀರಿಕೊಳ್ಳುವವರೆಗೂ ಚರ್ಮದ ಶಿಲೀಂಧ್ರಗಳ ಬಗ್ಗೆ ಮತ್ತೆ ಹೊಸದಾಗಿ ಏನನ್ನೂ ಪ್ರಕಟಿಸಲಿಲ್ಲ.

ಗ್ರುಬಿಯ ಮಾತು ಅಂದು ಏಕೆ ನಿಲ್ಲಲಿಲ್ಲ? ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯ ಕಜೆನಾವ್ ಶಿಲೀಂಧ್ರದ ಮಾತನ್ನೇ ಒಪ್ಪಲಿಲ್ಲ. ಲಂಡನ್ನಿನ ಇರಾಸ್ಮಸ್ ವಿಲ್ಸನ್ ಕೂದಲೊಳಗಿನ ಕಣಗಳು ಕೂದಲೇ ಕೆಟ್ಟು ಆದದ್ದು, ಹೊರಗಿನಿಂದ ಬಂದ ಜೀವಿಯಲ್ಲ ಎಂದ. ಇಷ್ಟಕ್ಕೇ ನಿಂತಿದ್ದರೆ ಹಟದ ವಿವರಣೆ ಸಾಕಾಗುತ್ತಿತ್ತು. ಆದರೆ ಗ್ರುಬಿಯನ್ನು ಒಪ್ಪಿದವರ ಕೈಯಲ್ಲೂ ಅವನ ಶಿಲೀಂಧ್ರ ಕಳೆದುಹೋಯಿತು. ಮೈಕ್ರೋಸ್ಪೋರಮ್ ಕಂಡ ಕಾಯಿಲೆಗೆ ಗ್ರುಬಿ ಅಂದಿನ ಪದ್ಧತಿಯಂತೆ ಪೊರೈಗೊ ಡಿಕಾಲ್ವಾನ್ಸ್ ಎಂಬ ಹೆಸರನ್ನು ಬಳಸಿದ್ದ. ನೆತ್ತಿಯಲ್ಲಿ ನುಣ್ಣಗೆ ಬೋಳು ಮಚ್ಚೆಗಳಾಗುವ, ಶಿಲೀಂಧ್ರಕ್ಕೆ ಏನೂ ಸಂಬಂಧವಿಲ್ಲದ ಕಾಯಿಲೆಯೊಂದಕ್ಕೂ ಅದೇ ಹೆಸರು ರೂಢಿಯಲ್ಲಿತ್ತು. ಓದಿದವರು ಗ್ರುಬಿಯ ಶಿಲೀಂಧ್ರವನ್ನು ಈ ಬೋಳು ಮಚ್ಚೆಯಲ್ಲಿ ಹುಡುಕಿದರು. ಸೇಂಟ್ ಲೂಯಿ ಆಸ್ಪತ್ರೆಯಲ್ಲೇ ಶಿಲೀಂಧ್ರವಾದದ ದೊಡ್ಡ ಬೆಂಬಲಿಗನಾಗಿದ್ದ ಬಾಜಾನ್ ಕೂಡ ಮೈಕ್ರೋಸ್ಪೋರಮ್ಮನ್ನು ಅದಕ್ಕೇ ಜೋಡಿಸಿದ. ಉಳಿದವರು ಅಲ್ಲಿ ಹುಡುಕಿ, ಕಾಣದೆ, ಗ್ರುಬಿ ಏನೋ ಭ್ರಮೆಪಟ್ಟಿರಬೇಕು ಎಂದು ಕೈಬಿಟ್ಟರು. ಗ್ರುಬಿಯ ಕೈಯಲ್ಲಿದ್ದುದು ಒಂದು ಮಾತು ಮತ್ತು ಒಂದು ವರ್ಣನೆ. ಇದೋ ನೋಡಿ, ಇದೇ ಅದು ಎಂದು ಇನ್ನೊಬ್ಬನ ಕೈಗಿಡಬಹುದಾದ ಜೀವಂತ ಮಾದರಿ ಇರಲಿಲ್ಲ. ಹಾಗಾಗಿ ಹೆಸರು ಒಂದು ದಾರಿ ಹಿಡಿಯಿತು, ಶಿಲೀಂಧ್ರ ಮಕ್ಕಳ ತಲೆಯಲ್ಲೇ ಉಳಿಯಿತು.

ಈ ಶಿಲೀಂಧ್ರಗಳನ್ನು ಪಾತ್ರೆಯಲ್ಲಿ ಕೃಷಿ ಮಾಡಿ ಬೆಳೆಸಲು ಹೊರಟವರ ಪಾಡು ಇನ್ನೂ ಕಷ್ಟ. ಚರ್ಮದ ಹೊಟ್ಟನ್ನು ಕೆರೆದು ಸಕ್ಕರೆ ನೀರಿಗೋ ಹಣ್ಣಿನ ರಸಕ್ಕೋ ಹಾಕಿದರೆ ಬೆಳೆಯುತ್ತಿದ್ದುದು ಬಹುಪಾಲು ಗಾಳಿಯಿಂದ ಬಂದ ಬೂಷ್ಟು. ಗಜಕರ್ಣದ ಶಿಲೀಂಧ್ರ ನಿಧಾನದ್ದು. ವಾರ, ಎರಡು ವಾರ ಬೇಕು. ರೊಟ್ಟಿಯ ಬೂಷ್ಟು ಎರಡೇ ದಿನದಲ್ಲಿ ಪಾತ್ರೆ ತುಂಬಿ ಕೂರುತ್ತದೆ. ಇದನ್ನು ನೋಡಿದ ಹಲವರು ಫೇವಸ್ಸೂ ಗಜಕರ್ಣವೂ ಬಾಯಿಯ ಅಗ್ರವೂ ರೊಟ್ಟಿಯ ಬೂಷ್ಟೂ ಒಂದೇ ಜೀವಿಯ ಬೇರೆ ಬೇರೆ ವೇಷಗಳು ಎಂಬ ನಿರ್ಧಾರಕ್ಕೆ ಬಂದರು. ಈ ನಿರ್ಧಾರ ಮೂರ್ಖತನದ್ದಲ್ಲ ಎಂಬುದನ್ನು ಗಮನಿಸಬೇಕು. ಅವರ ಪಾತ್ರೆಯಲ್ಲಿ ಕಂಡದ್ದರಿಂದ ಹೊರಡಬಹುದಾದ ತೀರ್ಮಾನ ಅದೇ. ಊರಿಗೊಂದು ಸೇರು ಇರುವ ಸೀಮೆಯಲ್ಲಿ ಯಾವ ಸಂತೆಯ ಭತ್ತ ಅಗ್ಗ, ಯಾವುದು ದುಬಾರಿ ಎಂದು ಹೇಳಲಾಗುವುದಿಲ್ಲ; ಅಳತೆಯೇ ಒಂದಿಲ್ಲದಾಗ ವ್ಯತ್ಯಾಸ ಭತ್ತದ ಬೆಲೆಯದೋ ಸೇರಿನದೋ ತಿಳಿಯುವುದಾದರೂ ಹೇಗೆ? 1840ರಿಂದ 1890ರವರೆಗಿನ ಶಿಲೀಂಧ್ರ ವಿಜ್ಞಾನದ ಸಂಕಟ ಇದೇ ಆಗಿತ್ತು.

ಆ ಸೇರನ್ನು ಒಂದು ಮಾಡಿದವನು ರೇಮಂಡ್ ಸಬೂರೊ. 1864ರಲ್ಲಿ ಹುಟ್ಟಿದ ಇವನು ಪಾಸ್ತರ್ ಸಂಸ್ಥೆಯಲ್ಲಿ ಎಮಿಲ್ ರೂ ಅವರ ಪಾಠ ಕೇಳಿ, ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಬೆನಿಯೆಯ ಕೈಕೆಳಗೆ ಚರ್ಮರೋಗ ಕಲಿತವನು. ಆಸ್ಪತ್ರೆಯ ಆವರಣದಲ್ಲಿ ಗಜಕರ್ಣದ ಮಕ್ಕಳಿಗೆಂದೇ ಒಂದು ಶಾಲೆ ನಡೆಯುತ್ತಿತ್ತು. ಕಾಯಿಲೆ ಇರುವವರೆಗೆ ಬೇರೆ ಶಾಲೆ ಸೇರಿಸಿಕೊಳ್ಳದ ಕಾರಣ ಮಕ್ಕಳು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಅಲ್ಲೇ ಇರುತ್ತಿದ್ದರು. ಸಬೂರೊಗೆ ಬೇಕಾದ ಸಾಮಗ್ರಿ ಕೂಗಳತೆಯಲ್ಲಿತ್ತು. 1892ರಲ್ಲಿ ಅವನು ಮೊದಲ ಪ್ರಬಂಧ ಪ್ರಕಟಿಸಿ, ಟ್ರೈಕೋಫೈಟಾನ್ ಒಂದಲ್ಲ ಹಲವು ಎಂದು ಸಾರಿದ. 1894ರಲ್ಲಿ ಅದೇ ವಿಷಯವನ್ನು ಡಾಕ್ಟರೇಟಿಗೆ ಬೆಳೆಸಿದ. ಬೋಳು ಮಚ್ಚೆಯ ಲೆಕ್ಕಕ್ಕೆ ಹೋಗಿದ್ದ ಗ್ರುಬಿಯ ಮೈಕ್ರೋಸ್ಪೋರಮ್ಮನ್ನು ಗಜಕರ್ಣದ ಮಕ್ಕಳ ತಲೆಯಲ್ಲಿ ಮತ್ತೆ ಹುಡುಕಿ ತೆಗೆದು, ಗ್ರುಬಿ ಹೇಳಿದ್ದು ಅಕ್ಷರಶಃ ನಿಜವೆಂದು ತೋರಿಸಿದ. ಈ ಬಾರಿ ಮಾತು ನಿಂತಿತು. ಸಬೂರೊನ ಸೂಕ್ಷ್ಮದರ್ಶಕ ಗ್ರುಬಿಯದಕ್ಕಿಂತ ಉತ್ತಮವಾಗಿತ್ತು, ಸರಿ. ಆದರೆ ಕೂದಲಿನೊಳಗೆ, ಹೊರಗೆ ಎಂದು ಗ್ರುಬಿ ಕಂಡದ್ದಕ್ಕೂ ಅವನು ಕಂಡದ್ದಕ್ಕೂ ಹೆಚ್ಚು ಅಂತರವಿರಲಿಲ್ಲ. ಬೇರೆಯಾಗಿದ್ದುದು ಅವನ ಮೇಜಿನ ಮೇಲಿದ್ದ ಗಾಜಿನ ನಳಿಕೆಗಳ ಸಾಲು.

ಆ ನಳಿಕೆಯೊಳಗಿನ ಅಡುಗೆ ಸರಳ: ಒಂದು ಲೀಟರ್ ನೀರಿಗೆ 40 ಗ್ರಾಂ ಮಾಲ್ಟೋಸ್ ಸಕ್ಕರೆ, 10 ಗ್ರಾಂ ಪೆಪ್ಟೋನ್, ಹೆಪ್ಪುಗಟ್ಟಿಸಲು 18 ಗ್ರಾಂ ಅಗರ್. ಸಬೂರೊನ ಬುದ್ಧಿವಂತಿಕೆ ಪಟ್ಟಿಯಲ್ಲಿ ಇರಲಿಲ್ಲ, ಹಟದಲ್ಲಿತ್ತು. ಮಾಲ್ಟೋಸ್ ಷಾನು ಕಂಪನಿಯದೇ ಆಗಬೇಕು, ಪೆಪ್ಟೋನ್ ಶಾಸ್ಸೆಂಗ್ ಕಂಪನಿಯ ಹರಳು ಹರಳಾದದ್ದೇ ಆಗಬೇಕು. ಬೇರೆ ಅಂಗಡಿಯದನ್ನು ತಂದರೆ ಫಲಿತಾಂಶವನ್ನು ತನ್ನದರೊಂದಿಗೆ ಹೋಲಿಸಬೇಡಿ ಎಂದು ಅವನು ಸ್ಪಷ್ಟವಾಗಿ ಹೇಳಿದ್ದ. ಇದು ವ್ಯಾಪಾರದ ಪಕ್ಷಪಾತವಲ್ಲ. ಅಂದಿನ ಮಾಲ್ಟೋಸ್ ಶುದ್ಧವಲ್ಲದ ಸರಕು. ಅದರಲ್ಲಿ ಏನೇನು ಬೆರೆತಿದೆ ಎಂದು ಯಾರಿಗೂ ನಿಖರವಾಗಿ ಗೊತ್ತಿರಲಿಲ್ಲ. ಸಕ್ಕರೆಯ ತಯಾರಿ ಸ್ವಲ್ಪ ಬದಲಾದರೂ ಅದೇ ಶಿಲೀಂಧ್ರ ಬೇರೆ ಬಣ್ಣಕ್ಕೆ, ಬೇರೆ ಮಡಿಕೆಗೆ ತಿರುಗುತ್ತದೆ ಎಂದು ಅವನು ಕಂಡುಕೊಂಡಿದ್ದ. ಶುದ್ಧವಾದದ್ದು ಸಿಗದಿದ್ದರೆ ಅಶುದ್ಧವಾದದ್ದನ್ನೇ ಎಲ್ಲರೂ ಒಂದೇ ಕಡೆಯಿಂದ ತನ್ನಿ, ಆಗ ತಪ್ಪೂ ಎಲ್ಲರಿಗೂ ಒಂದೇ ಆಗುತ್ತದೆ ಎಂಬ ಲೆಕ್ಕ ಇದರ ಹಿಂದಿತ್ತು. ಇದನ್ನು ಅವನು ಕರೆದದ್ದು ಪರೀಕ್ಷಾ ಮಾಧ್ಯಮ ಎಂದು. ಅತ್ಯುತ್ತಮ ಮಾಧ್ಯಮ ಎಂದಲ್ಲ. ಶಿಲೀಂಧ್ರ ಹುಲುಸಾಗಿ ಬೆಳೆಯಲಿ ಎಂಬುದಕ್ಕಿಂತ ಎಲ್ಲರ ಕಣ್ಣಿಗೂ ಒಂದೇ ರೀತಿ ಕಾಣಲಿ ಎಂಬುದು ಅದರ ಉದ್ದೇಶ.

ಕೆಲಸ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿದರೆ ಈ ಮಾತು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮಗುವಿನ ನೆತ್ತಿಯ ಮಚ್ಚೆಯ ಅಂಚಿನಿಂದ ತುಂಡಾದ ಕೂದಲನ್ನು ಚಿಮಟದಲ್ಲಿ ಕೀಳುತ್ತಾರೆ. ಅರ್ಧವನ್ನು ಗಾಜಿನ ಪಟ್ಟಿಯ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಬಿಟ್ಟು ಮೆಲ್ಲಗೆ ಬಿಸಿ ಮಾಡಿದರೆ ಕೆರಾಟಿನ್ ಕರಗಿ ಕೂದಲು ಪಾರದರ್ಶಕವಾಗುತ್ತದೆ, ಕರಗದ ಶಿಲೀಂಧ್ರದ ಎಳೆಗಳೂ ಬೀಜಾಣುಗಳೂ ಎದ್ದು ಕಾಣುತ್ತವೆ. ಇದು ಶಿಲೀಂಧ್ರ ಹೌದು ಎನ್ನಲು ಸಾಕು. ಯಾವುದು ಎನ್ನಲು ಸಾಲದು. ಉಳಿದರ್ಧವನ್ನು ಸಣ್ಣ ಚೂರುಗಳಾಗಿ ಕತ್ತರಿಸಿ ಓರೆಯಾಗಿ ಹೆಪ್ಪುಗಟ್ಟಿದ ಅಗರ್ ಮೇಲೆ ದೂರ ದೂರ ಊರಿ, ನಳಿಕೆಯ ಬಾಯಿಗೆ ಹತ್ತಿ ಬಿಗಿದು ಇಡುತ್ತಾರೆ. ಒಂದು ಚೂರಿಗೆ ಬೂಷ್ಟು ಹತ್ತಿದರೂ ಪಕ್ಕದ್ದು ಉಳಿಯಲಿ ಎಂಬ ಎಚ್ಚರ. ಕೆಲವು ದಿನಗಳಲ್ಲಿ ಚೂರಿನ ಸುತ್ತ ಬೆಳ್ಳನೆಯ ನಯವಾದ ತುಪ್ಪಳ ಏಳುತ್ತದೆ. ಎರಡು ಮೂರು ವಾರ ಕಾದರೆ ಒಂದರ ಮೇಲ್ಮೈ ಹಿಟ್ಟು ಚೆಲ್ಲಿದಂತೆ, ಇನ್ನೊಂದರದು ಹತ್ತಿಯಂತೆ; ಒಂದರ ತಳ ದ್ರಾಕ್ಷಾರಸದ ಕೆಂಪು, ಇನ್ನೊಂದರದು ನಸುಗಂದು. ಅಷ್ಟಕ್ಕೇ ಬಿಟ್ಟು ವಾರಗಟ್ಟಲೆ ಇನ್ನೂ ಕಾದರೆ ಬಹುತೇಕ ಎಲ್ಲವೂ ಮೇಲೆ ಬಿಳಿ ತುಪ್ಪಳ ಹೊದ್ದು ಒಂದೇ ಥರ ಕಾಣತೊಡಗುತ್ತವೆ. ಬೀಜಾಣು ಬಿಡುವುದನ್ನೂ ನಿಲ್ಲಿಸುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಈ ಬಿಳಿ ಹೊದಿಕೆ ಒಮ್ಮೆ ಬಂತೆಂದರೆ ಹಿಂದಿರುಗಿ ಹೋಗುವುದಿಲ್ಲವೆಂದು ಸಬೂರೊ ಕಂಡ. ಹಳಬರಿಗೆ ಎಲ್ಲ ಶಿಲೀಂಧ್ರವೂ ಒಂದೇ ಎನಿಸಲು ಇದೂ ಒಂದು ಕಾರಣ. ಮಾದರಿಗಳನ್ನು ಕೆಡದಂತೆ ಕಾಪಿಡಲು ಸಕ್ಕರೆಯೇ ಇಲ್ಲದ, ಬರೀ ಪೆಪ್ಟೋನಿನ ಇನ್ನೊಂದು ಮಾಧ್ಯಮವನ್ನು ಅವನು ಬಳಕೆಗೆ ತಂದ.

ಕಟ್ಟಳೆಯ ಬೆಲೆ ತಿಳಿಯುವುದು ಇನ್ನೊಬ್ಬರು ಪಾಲಿಸಿದಾಗ. 1896ರಲ್ಲಿ ಕಾಲ್ಕಾಟ್ ಫಾಕ್ಸ್ ಮತ್ತು ಬ್ಲಾಕ್ಸಾಲ್ ಲಂಡನ್ನಿನ ಗಜಕರ್ಣಗಳನ್ನು ಹೀಗೆಯೇ ಬೆಳೆಸಿ ನೋಡಿ, ಶಿಲೀಂಧ್ರಗಳು ಹಲವು ಎಂಬ ಸಬೂರೊನ ಮಾತನ್ನು ಎತ್ತಿಹಿಡಿದರು; ಅಲ್ಲಿನ ಮಕ್ಕಳಲ್ಲಿ ಹೆಚ್ಚಾಗಿ ಕಂಡದ್ದು ಸಣ್ಣ ಬೀಜಾಣುವಿನ ಮೈಕ್ರೋಸ್ಪೋರಮ್. ಐವತ್ತು ವರ್ಷ ಜಗಳವಾಡಿದ ಎರಡು ಊರುಗಳು ಮೊದಲ ಬಾರಿಗೆ ಒಂದೇ ವಸ್ತುವಿನ ಬಗ್ಗೆ ಮಾತನಾಡಿದವು. ಹೆಸರಿನಿಂದ ಉಪಯೋಗವೂ ಆಯಿತು. ಮೈಕ್ರೋಸ್ಪೋರಮ್ ಆಡುಯಿನೈ ಮಗುವಿನಿಂದ ಮಗುವಿಗೆ ದಾಟುತ್ತದೆ, ಆದ್ದರಿಂದ ಶಾಲೆಯನ್ನು ತಪಾಸಣೆ ಮಾಡಬೇಕು. ಕೀವು ತುಂಬಿ ಊದುವ ಗಜಕರ್ಣ ಕುದುರೆ, ದನಗಳಿಂದ ಬಂದದ್ದು, ಆದ್ದರಿಂದ ಕೊಟ್ಟಿಗೆಯನ್ನು ನೋಡಬೇಕು. 1910ರಲ್ಲಿ ಸಬೂರೊ ಇದನ್ನೆಲ್ಲ 800 ಪುಟ ಮೀರಿದ ಗ್ರಂಥವಾಗಿ ಹೊರತಂದ; ಅದರಲ್ಲಿ ಅಕೋರಿಯನ್, ಟ್ರೈಕೋಫೈಟಾನ್, ಮೈಕ್ರೋಸ್ಪೋರಮ್, ಎಪಿಡರ್ಮೋಫೈಟಾನ್ ಎಂಬ ನಾಲ್ಕು ಕುಲಗಳಿದ್ದವು.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದನ್ನು ಎದುರಿಸಬೇಕು. ಕಟ್ಟಳೆ ಅಷ್ಟು ಒಳ್ಳೆಯದಾಗಿದ್ದರೆ ಅದರಿಂದಲೇ ಅಷ್ಟು ಗೊಂದಲ ಹುಟ್ಟಿದ್ದೇಕೆ? ನಳಿಕೆಯಲ್ಲಿ ಕಂಡ ಬಣ್ಣ, ಮಡಿಕೆಗಳ ಚಿಕ್ಕಪುಟ್ಟ ವ್ಯತ್ಯಾಸಕ್ಕೆಲ್ಲ ಸಬೂರೊನ ಅನುಯಾಯಿಗಳು ಹೊಸ ಹೆಸರು ಕೊಡುತ್ತಾ ಹೋದರು. 1935ರಲ್ಲಿ ಶಿಲೀಂಧ್ರ ತಜ್ಞ ಡಾಡ್ಜ್ ಪಟ್ಟಿ ಮಾಡುವ ಹೊತ್ತಿಗೆ ಪ್ರಭೇದಗಳು ನೂರು ದಾಟಿದ್ದವು. ಒಂದೇ ಎಂದವರ ತಪ್ಪಿನಿಂದ ಬಿಡಿಸಿಕೊಂಡು, ಎಲ್ಲವೂ ಬೇರೆ ಎನ್ನುವವರ ತಪ್ಪಿಗೆ ಬಿದ್ದಂತಾಯಿತಲ್ಲ? ಆಕ್ಷೇಪ ನ್ಯಾಯವಾದದ್ದು. ಆದರೆ ಈ ತಪ್ಪು ತಿದ್ದಿಕೊಂಡ ಬಗೆ ನೋಡಿ. 1934ರಲ್ಲಿ ಅಮೆರಿಕದ ಚೆಸ್ಟರ್ ಎಮ್ಮನ್ಸ್ ಬಣ್ಣ, ತುಪ್ಪಳಗಳನ್ನು ಬದಿಗಿಟ್ಟು ಬೀಜಾಣುಗಳ ಆಕಾರದ ಮೇಲೆ ಹೊಸ ವರ್ಗೀಕರಣ ಕಟ್ಟಿದ. ಕದಿರಿನಂತೆ ನಡು ಉಬ್ಬಿ, ದಪ್ಪ ಗೋಡೆ, ಒರಟು ಮೈ ಇದ್ದರೆ ಮೈಕ್ರೋಸ್ಪೋರಮ್. ಪೆನ್ಸಿಲಿನಂತೆ ಉದ್ದವಾಗಿ ನುಣುಪಾಗಿದ್ದರೆ ಟ್ರೈಕೋಫೈಟಾನ್. ಗದೆಯಂತಿದ್ದು ಸಣ್ಣ ಬೀಜಾಣುಗಳೇ ಇಲ್ಲದಿದ್ದರೆ ಎಪಿಡರ್ಮೋಫೈಟಾನ್. ಅಕೋರಿಯನ್ ಎಂಬ ಕುಲವೇ ಹೋಯಿತು, ಫೇವಸ್ಸಿನ ಶಿಲೀಂಧ್ರ ಟ್ರೈಕೋಫೈಟಾನ್ ಮನೆಗೆ ಸೇರಿತು. ಹೆಸರುಗಳ ಕಾಡು ಬೆರಳೆಣಿಕೆಯ ಪ್ರಭೇದಗಳಿಗೆ ಇಳಿಯತೊಡಗಿತು. ಎಮ್ಮನ್ಸ್ ಇದನ್ನು ಮಾಡಲು ಸಾಧ್ಯವಾದದ್ದು ಹೋಲಿಸಲು ಒಂದೇ ಬಗೆಯಲ್ಲಿ ಬೆಳೆಸಿದ, ಕೈಯಿಂದ ಕೈಗೆ ಸಾಗಿಸಬಹುದಾದ ಜೀವಂತ ಮಾದರಿಗಳು ಇದ್ದುದರಿಂದ. ಗ್ರುಬಿಯ ಓದುಗರು ದಾರಿ ತಪ್ಪಿದಾಗ ತಿದ್ದಲು ಏನೂ ಇರಲಿಲ್ಲ. ಸಬೂರೊನ ಅನುಯಾಯಿಗಳು ತಪ್ಪಿದಾಗ ನಳಿಕೆಗಳು ಇದ್ದವು. ಮುಂದೆ ಎಮ್ಮನ್ಸ್ ಆ ಮಾಧ್ಯಮದ ಸಕ್ಕರೆಯನ್ನೂ ಹುಳಿಯನ್ನೂ ಕಡಿಮೆ ಮಾಡಿ ಬದಲಿಸಿದ. ಬದಲಾಯಿಸಿದ್ದೇನು ಎಂದು ಅಂಕಿಯಲ್ಲಿ ಹೇಳಲಾದದ್ದೂ ಮೊದಲು ಒಂದು ಅಂಕಿ ಇದ್ದುದರಿಂದಲೇ.

ಕಟ್ಟಳೆಗೆ ಇನ್ನೊಂದು ಕುರುಡೂ ಇತ್ತು. ನಳಿಕೆಯಲ್ಲಿ ಕಾಣುತ್ತಿದ್ದುದು ಶಿಲೀಂಧ್ರದ ಬದುಕಿನ ಒಂದು ಮುಖ ಮಾತ್ರ. ಲೈಂಗಿಕ ಹಂತ ಅಲ್ಲಿ ಕಾಣುತ್ತಲೇ ಇರಲಿಲ್ಲ. 1927ರಲ್ಲಿ ಇಟಲಿಯ ನನ್ನಿಜಿ ಒಂದು ಪ್ರಭೇದವನ್ನು ಮಣ್ಣು, ಗರಿಗಳಂಥ ವಸ್ತುಗಳ ಮೇಲೆ ಬೆಳೆಸಿ ಆ ಹಂತವನ್ನು ಕಂಡೆನೆಂದ. ಶುದ್ಧವಾಗಿ ಬೆಳೆಸಿದ್ದಲ್ಲ, ಬೇರೇನೋ ಬೆರೆತಿರಬೇಕು ಎಂದು ವಿದ್ವಾಂಸರು ತಳ್ಳಿಹಾಕಿದರು. ಅವನು ಹೇಳಿದ್ದು ಸರಿ ಎಂದು ಒಪ್ಪಿಗೆಯಾದದ್ದು ಮೂವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ. 1952ರಲ್ಲಿ ಬೆಲ್ಜಿಯಂನ ವಾನ್‌ಬ್ರೂಸೆಗೆಮ್ ಮಣ್ಣಿನ ಮೇಲೆ ಕೂದಲು ಹರಡಿ ಶಿಲೀಂಧ್ರವನ್ನು ಆಮಿಷವೊಡ್ಡಿ ಹಿಡಿಯುವ ವಿಧಾನವನ್ನು ಇಂಥ ಶಿಲೀಂಧ್ರಗಳಿಗೆ ಅಳವಡಿಸಿದ. 1961ರಲ್ಲಿ ಫಿಲಿಸ್ ಸ್ಟಾಕ್‌ಡೇಲ್ ಆ ಲೈಂಗಿಕ ಹಂತವನ್ನು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿ, ಕುಲಕ್ಕೆ ನನ್ನಿಜಿಯ ಹೆಸರನ್ನೇ ಇಟ್ಟರು. ಶುದ್ಧ ಮಾದರಿಯ ಕಟ್ಟಳೆ ಇಲ್ಲಿ ಸತ್ಯವೊಂದನ್ನು ಮೂರು ದಶಕ ತಡೆದು ನಿಲ್ಲಿಸಿತೆಂದು ಒಪ್ಪಲೇಬೇಕು. ಆದರೆ ಅದೇ ಕಟ್ಟಳೆ ಸುಳ್ಳನ್ನೂ ತಡೆಯುತ್ತಿತ್ತು: ರೊಟ್ಟಿಯ ಬೂಷ್ಟನ್ನು ಗಜಕರ್ಣವೆಂದು ನಂಬಿಸಿದ್ದೂ ಬೆರಕೆ ಪಾತ್ರೆಯೇ ತಾನೆ? ನನ್ನಿಜಿ ಕೊನೆಗೆ ಗೆದ್ದದ್ದು ಕಟ್ಟಳೆಯನ್ನು ಮುರಿದು ಅಲ್ಲ, ಇನ್ನೊಬ್ಬರು ಅದನ್ನು ಪಾಲಿಸಿ ಅವನ ಮಾತನ್ನು ಸಾಧಿಸಿದಾಗ.

ಇನ್ನೊಂದು ಆಕ್ಷೇಪ ರೋಗಿಯ ಕಡೆಯಿಂದ ಬರುತ್ತದೆ: ಹೆಸರು ತಿಳಿದು ಆಗಬೇಕಾದ್ದೇನು, ಗುಣವಾದರೆ ಸಾಕಲ್ಲ? ಈ ಪ್ರಶ್ನೆಗೆ ಚರಿತ್ರೆ ಎರಡು ಬಾರಿ ಉತ್ತರ ಕೊಟ್ಟಿದೆ. 1904ರಲ್ಲಿ ಸಬೂರೊನೇ ಕ್ಷ-ಕಿರಣದಿಂದ ನೆತ್ತಿಯ ಕೂದಲು ಉದುರಿಸುವ ಚಿಕಿತ್ಸೆಯನ್ನು ರೂಢಿಗೆ ತಂದ. ವರ್ಷಗಟ್ಟಲೆಯ ಚಿಕಿತ್ಸೆ ತಿಂಗಳುಗಳಿಗೆ ಇಳಿದು, ಪ್ಯಾರಿಸ್‌ನ ಮಕ್ಕಳಿಗೆ ಅದು ಬಿಡುಗಡೆಯಾಗಿ ಕಂಡಿತು. ಮುಂದೆ ಇಸ್ರೇಲಿನಲ್ಲಿ 1948ರಿಂದ 1960ರವರೆಗೆ, ಹೆಚ್ಚಾಗಿ ಉತ್ತರ ಆಫ್ರಿಕ ಮತ್ತು ಮಧ್ಯಪ್ರಾಚ್ಯದಿಂದ ವಲಸೆ ಬಂದ ಸುಮಾರು 20,000 ಮಕ್ಕಳ ತಲೆಗೆ ಇದೇ ಕಿರಣ ಹಾಯಿಸಲಾಯಿತು. ಅವರಲ್ಲಿ ಮೆದುಳು ಮತ್ತು ಥೈರಾಯ್ಡ್ ಗಡ್ಡೆಗಳು ಹೆಚ್ಚಾದದ್ದು 1974ರಿಂದ ಬೆಳಕಿಗೆ ಬಂತು. ಶಿಲೀಂಧ್ರವನ್ನು ಸರಿಯಾಗಿ ಗುರುತಿಸಿದ ಮಾತ್ರಕ್ಕೆ ಚಿಕಿತ್ಸೆ ಸರಿಯಾಗುವುದಿಲ್ಲ ಎಂಬುದಕ್ಕೆ ಇದು ಕಹಿಯಾದ ಸಾಕ್ಷಿ. ಗುರುತಿನ ಮಹಿಮೆಯನ್ನು ಅಳತೆ ಮೀರಿ ಹೊಗಳಬಾರದು. 1958ರಲ್ಲಿ ಸಂಶೋಧಕ ಜೆಂಟಲ್ಸ್ ಗಿನಿಯಿಲಿಗಳಿಗೆ ಗ್ರೈಸಿಯೋಫುಲ್ವಿನ್ ಎಂಬ ಔಷಧ ತಿನ್ನಿಸಿ ಗಜಕರ್ಣ ವಾಸಿಯಾಗುವುದನ್ನು ತೋರಿಸಿದ ಮೇಲೆ ಕಿರಣದ ಕಾಲ ಮುಗಿಯಿತು, ಮಾತ್ರೆಯ ಕಾಲ ಬಂತು. 1990ರ ದಶಕದಲ್ಲಿ ಟರ್ಬಿನಾಫಿನ್ ಎಂಬ ಮಾತ್ರೆ ಬಂದಾಗ ಹೆಸರಿನ ಹಂಗೇ ಬೇಡವೆಂಬ ಭಾವನೆ ಗಟ್ಟಿಯಾಯಿತು. ಬಹುಪಾಲು ಶಿಲೀಂಧ್ರಗಳನ್ನು ಒಂದೇ ಮಾತ್ರೆ ಕೊಲ್ಲುವಾಗ ಮೂರು ವಾರ ನಳಿಕೆ ಕಾಯುವವರು ಯಾರು?

ಎರಡನೆಯ ಉತ್ತರ ಬಂದದ್ದು ನಮ್ಮ ದೇಶದಿಂದ. 2010ರ ದಶಕದಲ್ಲಿ ಭಾರತದ ಚರ್ಮರೋಗ ತಜ್ಞರು ಹೊಸ ಬಗೆಯ ಗಜಕರ್ಣ ಕಾಣತೊಡಗಿದರು: ಸೊಂಟ, ತೊಡೆ, ಬೆನ್ನು ತುಂಬ ಹರಡುವುದು, ಮನೆಮಂದಿಗೆಲ್ಲ ಹಬ್ಬುವುದು, ವಾರಗಟ್ಟಲೆ ಮಾತ್ರೆ ನುಂಗಿದರೂ ಜಗ್ಗದಿರುವುದು. ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತಿದ್ದ, ಸ್ಟಿರಾಯ್ಡ್ ಬೆರೆಸಿದ ಮುಲಾಮುಗಳು ತುರಿಕೆಯನ್ನು ಮುಚ್ಚಿ ಶಿಲೀಂಧ್ರಕ್ಕೆ ನೆರಳು ಕೊಟ್ಟವು. 2018ರಲ್ಲಿ ಕೇಂದ್ರ ಸರ್ಕಾರ ಅಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಬೇಕಾದ ಪಟ್ಟಿಗೆ ಸೇರಿಸಿತು. ಹಿಂದೆ ಹೆಚ್ಚಾಗಿ ಸಿಗುತ್ತಿದ್ದ ಟ್ರೈಕೋಫೈಟಾನ್ ರೂಬ್ರಮ್ ಜಾಗಕ್ಕೆ ಟ್ರೈಕೋಫೈಟಾನ್ ಮೆಂಟಾಗ್ರೋಫೈಟಿಸ್ ಬಳಗದ್ದೊಂದು ಬಂದು ಕೂತಿತ್ತು. 2018ರಲ್ಲಿ ದೆಹಲಿಯ ಸಂಶೋಧಕರು, ಟರ್ಬಿನಾಫಿನ್ ಹಿಡಿದು ನಿಲ್ಲಿಸಬೇಕಾದ ಕಿಣ್ವದ ಜೀನಿನಲ್ಲೇ ಬದಲಾವಣೆಯಾಗಿದೆ ಎಂದು ತೋರಿಸಿದರು. 2020ರಲ್ಲಿ ಕಾನೊ ಮತ್ತು ಸಂಗಡಿಗರು ಜಪಾನಿನಲ್ಲಿ ಸಿಕ್ಕ ನೇಪಾಳಿ ಮತ್ತು ಭಾರತೀಯ ರೋಗಿಗಳ ಮಾದರಿಗಳ ಮೇಲೆ ಅದನ್ನು ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಪ್ರತ್ಯೇಕ ಪ್ರಭೇದವೆಂದು ಹೆಸರಿಸಿದರು. ಇದು ಬೇರೆ ಪ್ರಭೇದವೋ, ಹಳೆಯದರ ಒಂದು ವಂಶವೋ ಎಂಬ ವಾದ ಇನ್ನೂ ನಡೆದಿದೆ. 1892ರ ಒಂದೋ ಹಲವೋ ಜಗಳ ಈಗ ಡಿಎನ್‌ಎ ಅಕ್ಷರಗಳಲ್ಲಿ ಮುಂದುವರಿದಿದೆ. ಆದರೆ ವ್ಯತ್ಯಾಸವಿದೆ: ಇಂದು ಎರಡು ಪಕ್ಷದವರೂ ಒಂದೇ ಮಾದರಿ, ಒಂದೇ ಜೀನಿನ ಅನುಕ್ರಮ ಇಟ್ಟುಕೊಂಡು ವಾದಿಸುತ್ತಾರೆ.

ಹಾಗಾದರೆ ಡಿಎನ್‌ಎ ಬಂದ ಮೇಲೆ ನಳಿಕೆಗೆ ಕೆಲಸವೇನು ಎಂಬುದು ಕೊನೆಯ ಆಕ್ಷೇಪ. ವಾರಗಳ ಕೆಲಸ ಒಂದೆರಡು ದಿನದಲ್ಲಿ ಮುಗಿಯುತ್ತದೆ; ಸೂಕ್ಷ್ಮದರ್ಶಕದಲ್ಲಿ ಎಳೆ ಕಂಡರೂ ಅಗರ್ ಮೇಲೆ ಏನೂ ಬೆಳೆಯದ ಪ್ರಸಂಗಗಳು ಸಾಕಷ್ಟು; ಹೊಸ ಪ್ರಭೇದವನ್ನು ಅದರ ನೆಂಟರಿಂದ ತುಪ್ಪಳ ನೋಡಿ ಬೇರ್ಪಡಿಸಲು ಆಗುವುದೇ ಇಲ್ಲ. 2023ರಲ್ಲಿ ನ್ಯೂಯಾರ್ಕ್‌ನಿಂದ ವರದಿಯಾದ ಅಮೆರಿಕದ ಮೊದಲ ಎರಡು ಪ್ರಕರಣಗಳಲ್ಲಿ ಇದೇ ಆಯಿತು. ಕೃಷಿ ವಿಧಾನ ಅದನ್ನು ಮೆಂಟಾಗ್ರೋಫೈಟಿಸ್ ಎಂದಿತು, ಅನುಕ್ರಮ ಓದಿದ ಮೇಲೆ ಇಂಡೋಟಿನಿಯೆ ಎಂದು ತಿಳಿಯಿತು. ಆದರೆ ಹಾಗೆ ಓದಲು ಸಾಧ್ಯವಾದದ್ದು ಬೆಳೆಸಿಟ್ಟ ಮಾದರಿ ಕೈಯಲ್ಲಿದ್ದುದರಿಂದ. ಯಾವ ಔಷಧ ಎಷ್ಟು ಪ್ರಮಾಣದಲ್ಲಿ ಅದನ್ನು ತಡೆಯುತ್ತದೆ ಎಂದು ಅಳೆಯಬೇಕಾದರೂ ಜೀವಂತ ಶಿಲೀಂಧ್ರ ಬೇಕು. ಮಾಧ್ಯಮ ಇಂಥದೇ, ಉಷ್ಣತೆ ಇಷ್ಟೇ, ಬೀಜಾಣು ಇಷ್ಟೇ ಎಂಬ ಒಪ್ಪಂದ ಬೇಕು, ಇಲ್ಲವಾದರೆ ದೆಹಲಿಯ ಅಂಕಿಗೂ ಟೋಕಿಯೊದ ಅಂಕಿಗೂ ತಾಳೆಯಾಗುವುದಿಲ್ಲ. ಡಿಎನ್‌ಎ ಕೂಡ ಹೆಸರನ್ನು ತನ್ನಿಂದ ತಾನೇ ಹೇಳುವುದಿಲ್ಲ. ಸಂಗ್ರಹಾಲಯಗಳಲ್ಲಿ ಕಾಪಿಟ್ಟ, ಹೆಸರು ಖಚಿತವಾದ ಮಾದರಿಯ ಅನುಕ್ರಮದ ಪಕ್ಕದಲ್ಲಿಟ್ಟಾಗ ಮಾತ್ರ ಹೇಳುತ್ತದೆ. ಸಬೂರೊನ ಮಾಲ್ಟೋಸ್ ಹೋಗಬಹುದು, ಅವನು ಕೊಟ್ಟ ಹೆಸರುಗಳಲ್ಲಿ ಹೆಚ್ಚಿನವು ಈಗಾಗಲೇ ಹೋಗಿವೆ, ಅವನ ಕಿರಣ ಚಿಕಿತ್ಸೆಯಂತೂ ಹೋದದ್ದೇ ಒಳ್ಳೆಯದಾಯಿತು. ಉಳಿದಿರುವುದು ಎಲ್ಲರೂ ಒಂದೇ ಸ್ಥಿತಿಯಲ್ಲಿ ನೋಡೋಣ ಎಂಬ ಷರತ್ತು. ಗುರುತಿಸದೆ ಮುಲಾಮು ಹಚ್ಚಿದ ವರ್ಷಗಳ ಬೆಲೆಯನ್ನು ಭಾರತದ ರೋಗಿಗಳು ಈಗ ಮೈಮೇಲೆ ತೆರುತ್ತಿದ್ದಾರೆ. ಔಷಧ ಸೋಲುವವರೆಗೂ ಪ್ರಯೋಗಾಲಯ ದುಂದುವೆಚ್ಚದಂತೆ ಕಾಣುತ್ತದೆ. ಔಷಧ ಸೋತ ದಿನ ಅಲ್ಲಿ ಒಂದೇ ಕಟ್ಟಳೆಯಲ್ಲಿ ಬೆಳೆಸಿಟ್ಟ ಮಾದರಿಗಳಿಲ್ಲದಿದ್ದರೆ, ಸೋತದ್ದು ಯಾವುದರ ಎದುರು ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ.